ರ‍್ಯಾಮ್ ಹಾಕಿಸುವ ಮುನ್ನ ‘ಎಷ್ಟು ಬಿಟ್’ ಕೇಳಿ

ಪುಣೆಯಲ್ಲಿರುವ ನಮ್ಮ ಕಡೆಯವರು ಹೊಸ ಲ್ಯಾಪ್‌ಟಾಪ್ ಕೊಂಡರೆ ಹಳೆಯದು ಸಾಮಾನ್ಯವಾಗಿ ಊರಿನ ಬಸ್ಸು ಹತ್ತುತ್ತದೆ. ದೀಪಾವಳಿಗೋ ಜಾತ್ರೆಗೋ ಹುಬ್ಬಳ್ಳಿ, ಗದಗ, ವಿಜಯಪುರದ ಹಾದಿ ಹಿಡಿದು ತಮ್ಮನದ್ದೋ ತಂಗಿಯದ್ದೋ ಆಗುತ್ತದೆ. ಎಂಟು ಹತ್ತು ವರ್ಷ ದುಡಿದ ಯಂತ್ರ, ತಿಂಗಳೆರಡು ತಿಂಗಳಲ್ಲಿ ‘ಬಹಳ ಸ್ಲೋ ಐತಿ’ ಎಂಬ ದೂರು ಬಂದೇ ಬರುತ್ತದೆ. ಆಗ ಅಂಗಡಿಯಲ್ಲಿ ಸಿಗುವ ಮೊದಲ ಸಲಹೆ, ‘ರ‍್ಯಾಮ್ ಹಾಕ್ಸಿಬಿಡಿ’. ಸಲಹೆ ತಪ್ಪಲ್ಲ. ಆದರೆ ಹಾಕಿದ ರ‍್ಯಾಮ್ ಪೂರ್ತಿ ಬಳಕೆಗೆ ಬರುತ್ತದೆಯೇ ಎಂಬುದನ್ನು ಮೊದಲು ನೋಡಬೇಕು.

ಡಿಪ್ಲೊಮಾ ಓದುವ ನನ್ನ ಅಕ್ಕನ ಮಗ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡಿದ್ದ. ಪ್ರಾಜೆಕ್ಟ್ ಕೆಲಸಕ್ಕೆ ಸಾಲದೆಂದು ಸ್ಕಾಲರ್‌ಶಿಪ್ ದುಡ್ಡಿನಲ್ಲಿ 8 ಜಿಬಿ ರ‍್ಯಾಮ್ ಹಾಕಿಸಿದ. ಮರುದಿನ ಫೋನು: ‘ಮಾಮಾ, ಎಂಟು ಜಿಬಿ ಹಾಕ್ಸೀನಿ, ಮೂರು ಸೈತ ಪೂರ್ತಿ ಸಿಗವಲ್ದು. ಮೋಸ ಮಾಡ್ಯಾರೇನು?’ ಅವನು ಕಳಿಸಿದ ಫೋಟೊದಲ್ಲಿ ಅಳವಡಿಸಿದ ಮೆಮೊರಿ 8.00 ಜಿಬಿ, ಬಳಸಬಹುದಾದದ್ದು 2.96 ಜಿಬಿ ಎಂದಿತ್ತು. ರ‍್ಯಾಮ್ ಅಸಲಿಯೇ. ಅದರಲ್ಲಿದ್ದ ವಿಂಡೋಸ್ ಮಾತ್ರ 32 ಬಿಟ್‌ನದ್ದು. ಅಂಗಡಿಯವರು ಅದನ್ನು ನೋಡಿರಲಿಲ್ಲ, ಇಲ್ಲವೇ ನೋಡಿಯೂ ಹೇಳಿರಲಿಲ್ಲ.

ಇದನ್ನು ಅವನಿಗೆ ಪಿನ್‌ಕೋಡ್ ಲೆಕ್ಕದಲ್ಲಿ ವಿವರಿಸಿದೆ. 1972ರಲ್ಲಿ ಬಂದ ನಮ್ಮ ಪಿನ್‌ಕೋಡ್‌ಗೆ ಆರು ಅಂಕಿ. ಆರು ಅಂಕಿಯಲ್ಲಿ ಹತ್ತು ಲಕ್ಷಕ್ಕಿಂತ ಹೆಚ್ಚು ಸಂಖ್ಯೆ ಬರೆಯಲಾಗದು. ರ‍್ಯಾಮ್‌ನಲ್ಲೂ ಪ್ರತಿ ಬೈಟ್‌ಗೆ ಒಂದು ವಿಳಾಸ ಬೇಕು. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಅದೇ 4 ಜಿಬಿ. ಅದರಾಚೆ ನೀವು ಎಷ್ಟೇ ಮನೆ ಕಟ್ಟಿದರೂ ಅಂಚೆಯವನಿಗೆ ವಿಳಾಸವಿಲ್ಲ.

ಹಾಗಿದ್ದರೆ ಪೂರ್ತಿ 4 ಜಿಬಿಯಾದರೂ ಸಿಗಬೇಕಿತ್ತಲ್ಲ? 9ರಿಂದ ಶುರುವಾಗುವ ಪಿನ್‌ಗಳು ಸೇನಾ ಅಂಚೆಗೆ ಮೀಸಲು. ಹಾಗೆಯೇ ಆ 4 ಜಿಬಿ ವಿಳಾಸಗಳಲ್ಲಿ ಒಂದು ಭಾಗ ಗ್ರಾಫಿಕ್ಸ್, ನೆಟ್‌ವರ್ಕ್ ಮುಂತಾದ ಸಾಧನಗಳಿಗೆ ಮೀಸಲು. ಉಳಿದದ್ದು ಮಾತ್ರ ರ‍್ಯಾಮ್‌ಗೆ. ಯಂತ್ರದಿಂದ ಯಂತ್ರಕ್ಕೆ ಈ ಮೀಸಲು ಬೇರೆ. ಅದಕ್ಕೇ ಒಬ್ಬರಿಗೆ 3.5, ಇನ್ನೊಬ್ಬರಿಗೆ 2.9 ಎಂದು ತೋರಿಸುತ್ತದೆ.

ಈ ಗೋಡೆ ದಾಟುವ ಉಪಾಯ 1995ರ ಪೆಂಟಿಯಂ ಪ್ರೊ ಕಾಲದಿಂದಲೂ ಇದೆ. ಪಿಎಇ ಎಂಬ ವ್ಯವಸ್ಥೆಯಲ್ಲಿ ವಿಳಾಸವನ್ನು 36 ಬಿಟ್‌ಗೆ ಹಿಗ್ಗಿಸಿ 64 ಜಿಬಿವರೆಗೆ ಹೋಗಬಹುದು. 32 ಬಿಟ್‌ನ ಕೆಲವು ಸರ್ವರ್ ವಿಂಡೋಸ್‌ಗಳು ಇದನ್ನು ಬಳಸಿದವು. ಆದರೆ ಮನೆಬಳಕೆಯ ಯಂತ್ರಗಳಲ್ಲಿ ಅಷ್ಟು ದೊಡ್ಡ ವಿಳಾಸವನ್ನು ಎಷ್ಟೋ ಡ್ರೈವರ್‌ಗಳು ತಾಳಿಕೊಳ್ಳುತ್ತಿರಲಿಲ್ಲ. ಹೀಗಾಗಿ ಮೈಕ್ರೋಸಾಫ್ಟ್ ಅಲ್ಲಿ 4 ಜಿಬಿ ಮಿತಿಯನ್ನು ಉಳಿಸಿತು. ಆವೃತ್ತಿಗೂ ಮಿತಿ ಉಂಟು: ವಿಂಡೋಸ್ 7 ಸ್ಟಾರ್ಟರ್‌ಗೆ 2 ಜಿಬಿ, 64 ಬಿಟ್‌ನ ಹೋಮ್ ಬೇಸಿಕ್‌ಗೆ 8, ಹೋಮ್ ಪ್ರೀಮಿಯಂಗೆ 16. ವಿಂಡೋಸ್ 10 ಹೋಮ್ 64 ಬಿಟ್ ಆದರೆ 128 ಜಿಬಿ.

ಅಳಿಯನ ಯಂತ್ರದ ಪ್ರೊಸೆಸರ್ 64 ಬಿಟ್‌ನದ್ದೇ ಆಗಿತ್ತು. ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ಕೂತು 64 ಬಿಟ್ ವಿಂಡೋಸ್ ಹಾಕಿಸಿದೆ. ರ‍್ಯಾಮ್ ಬಹುತೇಕ ಪೂರ್ತಿ ಸಿಕ್ಕಿತು. ಅದೇ ಆವೃತ್ತಿಯ ಅಧಿಕೃತ ಲೈಸೆನ್ಸ್ ಇದ್ದುದರಿಂದ ಬೇರೆ ಕೊಳ್ಳಬೇಕಾಗಲಿಲ್ಲ.

ಆದರೆ 32ರಿಂದ 64ಕ್ಕೆ ನೇರ ಬಡ್ತಿ ಇಲ್ಲ. ಹೊಸದಾಗಿಯೇ ಇನ್‌ಸ್ಟಾಲ್ ಮಾಡಬೇಕು. ಫೋಟೊ, ಪಾಠ, ಲೆಕ್ಕಪತ್ರ ಎಲ್ಲವನ್ನೂ ಮೊದಲು ಬೇರೆ ಡಿಸ್ಕ್‌ಗೆ ನಕಲು ಮಾಡಿಕೊಳ್ಳಿ. 32 ಬಿಟ್ ತಂತ್ರಾಂಶಗಳು ಸಾಮಾನ್ಯವಾಗಿ 64 ಬಿಟ್ ವಿಂಡೋಸ್‌ನಲ್ಲೂ ಓಡುತ್ತವೆ. ಓಡದಿರುವುದು ಎರಡು: ಹಳೆಯ 16 ಬಿಟ್ ತಂತ್ರಾಂಶಗಳು ಮತ್ತು 32 ಬಿಟ್ ಡ್ರೈವರ್‌ಗಳು. ಪ್ರಿಂಟರ್, ಸ್ಕ್ಯಾನರ್‌ಗೆ 64 ಬಿಟ್ ಡ್ರೈವರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಅಪ್ಪನೋ ಅಜ್ಜನೋ ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತಗಳಿದ್ದರೆ ಆ ಫಾಂಟ್‌ಗಳನ್ನೂ ನಕಲು ಮಾಡಿಕೊಳ್ಳಿ. ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಗೀಚಿದಂಥ ಚಿಹ್ನೆಗಳಷ್ಟೇ ಕಾಣುತ್ತವೆ. ಸಾಧ್ಯವಾದರೆ ಇದೇ ನೆಪದಲ್ಲಿ ಅವನ್ನು ಯುನಿಕೋಡ್‌ಗೆ ಬದಲಿಸಿಬಿಡಿ.

ಯಂತ್ರಕ್ಕೂ ಅದರದ್ದೇ ಮಿತಿ ಇರುತ್ತದೆ. ಒಂದು ಕಾಲಕ್ಕೆ ಪುಟ್ಟ ನೆಟ್‌ಬುಕ್‌ಗಳಲ್ಲಿ ಬರುತ್ತಿದ್ದ ಇಂಟೆಲ್ ಆಟಂ ಎನ್450 ಪ್ರೊಸೆಸರ್ 64 ಬಿಟ್‌ನದ್ದೇ, ಆದರೆ 2 ಜಿಬಿ ಮೀರಿ ರ‍್ಯಾಮ್ ಒಪ್ಪದು. ಲ್ಯಾಪ್‌ಟಾಪ್‌ನ ಡಿಡಿಆರ್3 ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಒಂದರ ಜಾಗದಲ್ಲಿ ಇನ್ನೊಂದು ಕೂರದು. ಡಿಡಿಆರ್3ರಲ್ಲೇ 1.5 ವೋಲ್ಟ್‌ನದ್ದು, 1.35 ವೋಲ್ಟ್‌ನದ್ದು ಎಂದು ಎರಡು ಬಗೆ. ಎರಡನೆಯದನ್ನೇ ಕೇಳುವ ಯಂತ್ರಕ್ಕೆ ಮೊದಲನೆಯದು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯಬಹುದು. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಎಂ1 ಮತ್ತು ನಂತರದ ಮ್ಯಾಕ್‌ಬುಕ್‌ಗಳಲ್ಲೂ ಕೊಂಡಾಗ ಇದ್ದಷ್ಟೇ.

ಇನ್ನೊಂದು ತಪ್ಪು ತಿಳಿವಳಿಕೆ ಈಗ ಜೋರಾಗಿದೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ‘ರ‍್ಯಾಮ್ ಏರಿಸಿದರೆ ವಿಂಡೋಸ್ 11 ಬರುತ್ತೆ’ ಎಂದು ಹಲವರು ನಂಬಿದ್ದಾರೆ. ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ ಮಾತ್ರ. ಅದು ತಡೆಯುವುದು ಬೇರೆ ಕಡೆ: ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ಏಳನೇ ತಲೆಮಾರಿನ ಹೆಚ್ಚಿನ ಯಂತ್ರಗಳಿಗೆ 32 ಜಿಬಿ ತುಂಬಿದರೂ ಬಾಗಿಲು ತೆರೆಯದು. 2025ರ ಕೊನೆಯ ತಿಂಗಳುಗಳಿಂದ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ದರವೂ ಏರಿದೆ. ಸುಮ್ಮನೆ ಸುರಿಯುವ ದುಡ್ಡಲ್ಲ.

ಅಂಥ ಯಂತ್ರವನ್ನು ಗುಜರಿಗೆ ಹಾಕಬೇಕಿಲ್ಲ. ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಗಳಲ್ಲಿ ಓದು, ಬರಹ, ಬ್ಯಾಂಕಿಂಗ್, ಪ್ರೋಗ್ರಾಮಿಂಗ್ ಎಲ್ಲ ನಡೆಯುತ್ತದೆ. ಕಗಪ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ. ಹಳೆಯ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಎಷ್ಟೋ ಸಲ ರ‍್ಯಾಮ್‌ಗಿಂತ ಹೆಚ್ಚು ವ್ಯತ್ಯಾಸ ಕಾಣುತ್ತದೆ.

ದುಡ್ಡು ಕೊಡುವ ಮುನ್ನ ಐದು ನಿಮಿಷ ಸಾಕು. ಸೆಟ್ಟಿಂಗ್ಸ್‌ನ ಸಿಸ್ಟಂ ವಿಭಾಗದಲ್ಲಿ ‘ಅಬೌಟ್’ ತೆರೆದು ‘ಸಿಸ್ಟಂ ಟೈಪ್’ ಸಾಲು ಓದಿ. ವಿಂಡೋಸ್ ಮತ್ತು ಪ್ರೊಸೆಸರ್ ಎಷ್ಟು ಬಿಟ್ ಎಂಬುದು ಎರಡೂ ಅಲ್ಲೇ ಇರುತ್ತದೆ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿವೆ, ದಿನದ ಕೆಲಸದಲ್ಲಿ ರ‍್ಯಾಮ್ ನಿಜಕ್ಕೂ ತುಂಬುತ್ತದೆಯೇ ನೋಡಿ. ಮಾಡೆಲ್ ಸಂಖ್ಯೆ ಹಾಕಿ ತಯಾರಕರ ತಾಣದಲ್ಲಿ ಗರಿಷ್ಠ ಮಿತಿ ಮತ್ತು ರ‍್ಯಾಮ್ ಬಗೆ ಗುರುತು ಮಾಡಿಕೊಳ್ಳಿ. ಆ ಚೀಟಿ ಹಿಡಿದು ಅಂಗಡಿಗೆ ಹೋಗಿ. ಹಾಕಿದ ಮೇಲೆ ‘ಬಳಸಬಹುದಾದ ಮೆಮೊರಿ’ ಎಷ್ಟು ಎಂದು ಅಲ್ಲೇ ತೆರೆದು ತೋರಿಸಲು ಹೇಳಿ, ಆಮೇಲೆ ದುಡ್ಡು ಎಣಿಸಿ.