ಗೋಧಿಯ ನಾಡಿನಲ್ಲಿ ಗ್ಲೂಟೆನ್ ಇಲ್ಲದ ಅಡುಗೆಮನೆ

ಒಂದು ಹಿಡಿ ಗೋಧಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಆ ಉಂಡೆಯನ್ನು ನೀರಿನ ಸಣ್ಣ ಧಾರೆಯ ಕೆಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಾ ಹೋಗಿ. ಹಾಲಿನಂತಹ ನೀರು ಇಳಿಯುತ್ತದೆ; ಅದರಲ್ಲಿರುವುದು ಪಿಷ್ಟ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಎಳೆದರೆ ರಬ್ಬರಿನಂತೆ ಹಿಗ್ಗುವ ಬೂದು ಬಣ್ಣದ ಮುದ್ದೆ. ಅದೇ ಗ್ಲೂಟೆನ್. ಅಕ್ಕಿ ಹಿಟ್ಟು ಅಥವಾ ರಾಗಿ ಹಿಟ್ಟಿನಿಂದ ಇದೇ ಪ್ರಯೋಗ ಮಾಡಿದರೆ ಇಂತಹ ಮುದ್ದೆ ಸಿಗುವುದಿಲ್ಲ. ಹಿಟ್ಟನ್ನು ಮೊದಲೇ ಕಲಸಿಟ್ಟುಕೊಂಡರೆ ತರಗತಿಯಲ್ಲಿ ಹತ್ತು ನಿಮಿಷದಲ್ಲಿ ತೋರಿಸಬಹುದಾದ ಈ ಪ್ರಯೋಗವನ್ನು ವಿವರಿಸಿದವನು ಇಟಲಿಯ ಬೊಲೋನ್ಯ ನಗರದ ಯಾಕೊಪೊ ಬೆಕಾರಿ. 1728ರ ಅವನ ಉಪನ್ಯಾಸ 1745ರಲ್ಲಿ ಅಚ್ಚಾಯಿತು.

ಬ್ರೆಡ್ಡು ಉಬ್ಬುವುದಕ್ಕೂ ಚಪಾತಿ ಹರಿಯದೆ ಲಟ್ಟಿಸಲು ಬರುವುದಕ್ಕೂ ಈ ಪ್ರೋಟೀನೇ ಕಾರಣ. ಆದರೆ ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಅದು ಕರುಳನ್ನು ಕೆಡಿಸುವ ವಸ್ತು. ಅವರಿಗಿರುವುದು ಸೀಲಿಯಾಕ್ ರೋಗ.

ಗ್ಲೂಟೆನ್ನಿನ ಒಂದು ಭಾಗವಾದ ಗ್ಲಯಡಿನ್‌ನಲ್ಲಿ ಪ್ರೋಲೀನ್ ಮತ್ತು ಗ್ಲುಟಮೀನ್ ಎಂಬ ಅಮೈನೋ ಆಮ್ಲಗಳು ದಟ್ಟವಾಗಿವೆ. ಪ್ರೋಲೀನ್ ಇರುವ ಕಡೆ ನಮ್ಮ ಜೀರ್ಣಕಿಣ್ವಗಳ ಕತ್ತರಿ ಸರಿಯಾಗಿ ಆಡುವುದಿಲ್ಲ. ಹೀಗಾಗಿ ಯಾರ ಹೊಟ್ಟೆಯಲ್ಲಾದರೂ ಕೆಲವು ಉದ್ದನೆಯ ತುಣುಕುಗಳು ಜೀರ್ಣವಾಗದೆ ಉಳಿಯುತ್ತವೆ. 33 ಅಮೈನೋ ಆಮ್ಲಗಳ ಅಂತಹ ಒಂದು ತುಣುಕನ್ನು 2002ರಲ್ಲಿ ಗುರುತಿಸಲಾಯಿತು. ಹೆಚ್ಚಿನವರಿಗೆ ಇದರಿಂದ ತೊಂದರೆಯಿಲ್ಲ. ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಜೀನುಗಳುಳ್ಳ ಕೆಲವರಲ್ಲಿ ಮಾತ್ರ ಕಥೆ ಮುಂದುವರಿಯುತ್ತದೆ. ಕರುಳಿನ ಒಳಪದರವನ್ನು ದಾಟಿದ ತುಣುಕನ್ನು ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವ ಹಿಡಿದು, ಅದರ ಕೆಲವು ಗ್ಲುಟಮೀನ್‌ಗಳನ್ನು ಗ್ಲುಟಾಮಿಕ್ ಆಮ್ಲವಾಗಿ ಬದಲಿಸುತ್ತದೆ. ಗಾಯವಾದ ಊತಕವನ್ನು ಬೆಸೆಯುವುದು ಈ ಕಿಣ್ವದ ಕೆಲಸಗಳಲ್ಲೊಂದು. ಇಲ್ಲಿ ಮಾತ್ರ ಅದು ಅಪಾಯಕ್ಕೆ ದಾರಿ ಮಾಡಿಕೊಡುತ್ತದೆ. ಋಣ ವಿದ್ಯುದಂಶ ಪಡೆದ ತುಣುಕು ಡಿಕ್ಯೂ2ರ ಕುಳಿಯಲ್ಲಿ ಬೀಗದೊಳಗಿನ ಕೀಲಿಯಂತೆ ಕೂರುತ್ತದೆ. ಅದನ್ನು ಕಂಡ ಟಿ-ಜೀವಕೋಶಗಳು ಶತ್ರು ಬಂದನೆಂದು ಕೆರಳುತ್ತವೆ. ಪ್ರತಿಕಾಯಗಳು ಗ್ಲಯಡಿನ್ ವಿರುದ್ಧ ಮಾತ್ರವಲ್ಲದೆ ಸ್ವಂತ ದೇಹದ ಆ ಕಿಣ್ವದ ವಿರುದ್ಧವೂ ತಯಾರಾಗುತ್ತವೆ. 1997ರಲ್ಲಿ ಜರ್ಮನಿಯ ಸಂಶೋಧಕರು ಇದನ್ನು ಕಂಡುಹಿಡಿದ ಮೇಲೆ ರೋಗಪತ್ತೆಗೆ ನಂಬಲರ್ಹ ರಕ್ತಪರೀಕ್ಷೆ ದೊರೆಯಿತು.

ಈ ಕಾಳಗದಲ್ಲಿ ಸವೆಯುವುದು ಸಣ್ಣಕರುಳಿನ ವಿಲೈ, ಅಂದರೆ ಆಹಾರಾಂಶ ಹೀರುವ ಬೆರಳಿನಾಕಾರದ ಚಾಚಿಕೆಗಳು. ಅವು ಚಪ್ಪಟೆಯಾದರೆ ಉಂಡದ್ದು ಮೈಗೆ ಹತ್ತದು. ಭೇದಿ ಆಗಲೇಬೇಕೆಂದೇನೂ ಇಲ್ಲ. ಮಾತ್ರೆಗೆ ಬಗ್ಗದ ರಕ್ತಹೀನತೆ, ಎತ್ತರ ಬೆಳೆಯದ ಮಗು, ದುರ್ಬಲ ಮೂಳೆ, ಇಷ್ಟೇ ಲಕ್ಷಣವಾಗಿರಬಹುದು. ಇದಕ್ಕೆ ಅನುಮೋದಿತ ಔಷಧಿ ಇಂದಿಗೂ ಇಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳನ್ನು ಜೀವನಪರ್ಯಂತ ಬಿಡುವುದೇ ಚಿಕಿತ್ಸೆ. ಬಿಟ್ಟರೆ ವಿಲೈ ಮತ್ತೆ ಬೆಳೆಯುತ್ತವೆ. ಗೋಧಿ ಬಿಟ್ಟರೆ ರೋಗಿಗಳು ಚೇತರಿಸಿಕೊಳ್ಳುತ್ತಾರೆಂದು ತೋರಿಸಿಕೊಟ್ಟವರು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. ಗೋಧಿಯೇ ಕಾರಣವೆಂಬ ಅವರ ಪ್ರಬಂಧ 1950ರಲ್ಲಿ ಹೊರಬಂತು.

ಇದು ಉತ್ತರದವರ ರೋಗ, ನಮಗಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಸಮೀಕ್ಷೆ ಈ ವಿಷಯದಲ್ಲಿ ಕಣ್ಣು ತೆರೆಸುವಂತಿದೆ. ರೋಗದ ಪ್ರಮಾಣ ಉತ್ತರದಲ್ಲಿ ನೂರಕ್ಕೆ ಸುಮಾರು ಒಂದು, ದಕ್ಷಿಣದಲ್ಲಿ ಸಾವಿರಕ್ಕೆ ಒಂದು. ಆದರೆ ಅಪಾಯದ ಜೀನು ಇದ್ದವರು ಉತ್ತರದಲ್ಲಿ ನೂರಕ್ಕೆ 38, ದಕ್ಷಿಣದಲ್ಲಿ 36. ಹೆಚ್ಚು ಕಡಿಮೆ ಸಮ. ಎದ್ದು ಕಾಣುವ ವ್ಯತ್ಯಾಸ ತಟ್ಟೆಯಲ್ಲಿತ್ತು: ದಿನಕ್ಕೆ ಅಲ್ಲಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ವಲಸೆ ಹೋದವರಿಗೆಲ್ಲ ರೋಗ ಬರುತ್ತದೆ ಎಂದು ಇದರ ಅರ್ಥವಲ್ಲ. ಜೀನು ಇದ್ದವರಲ್ಲೂ ಬಹುಮಂದಿಗೆ ಅದು ಬರುವುದೇ ಇಲ್ಲ. ಆದರೆ ಅಕ್ಕಿ-ರಾಗಿಯ ನಾಡಿನಿಂದ ಗೋಧಿಯ ನಾಡಿಗೆ ಹೋದವರು ‘ನಮಗೆ ಬಾರದು’ ಎನ್ನುವಂತಿಲ್ಲ.

ಬೆಂಗಳೂರಿನಿಂದ ಇಟಲಿಯ ಮಿಲಾನ್ ನಗರಕ್ಕೆ ಹೋಗಿ ನೆಲೆಸಿದ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ತಾಯಿಗೆ ಸೀಲಿಯಾಕ್ ಇದೆಯೆಂದು ಅಲ್ಲಿ ತಿಳಿಯಿತು. ಎರಡು ಮಕ್ಕಳು, ಒಂದು ಇನ್ನೂ ಕೂಸು. ಪಾಸ್ತಾ, ಪಿಟ್ಜಾಗಳ ದೇಶದಲ್ಲಿ ಆಕೆ ಮೊದಲು ಕಲಿಯಬೇಕಾದದ್ದು ಧಾನ್ಯಗಳ ಹೆಸರು. ‘ಗ್ರಾನೋ’ ಎಂದರೆ ಗೋಧಿ, ‘ಓರ್ಜೋ’ ಬಾರ್ಲಿ, ‘ಸೆಗಾಲೆ’ ರೈ, ‘ಫಾರೋ’ ಹಳೆಯ ಕಾಲದ ಗೋಧಿ ತಳಿ. ‘ಸೆಮೋಲಾ’ ನಮ್ಮ ಗೋಧಿ ರವೆಯೇ. ಆದರೆ ‘ಗ್ರಾನೋ ಸರಾಚೆನೋ’ ಗೋಧಿಯಲ್ಲ, ಬಕ್‌ವೀಟ್. ‘ಗ್ರಾನೋ ತುರ್ಕೋ’ ಮುಸುಕಿನ ಜೋಳ. ಎರಡರಲ್ಲೂ ಗ್ಲೂಟೆನ್ ಇಲ್ಲ. ಹಾಗೆಂದು ಬಕ್‌ವೀಟಿನ ‘ಪಿಟ್ಜೋಕೆರಿ’ ಪಾಸ್ತಾ ಕೊಂಡರೆ, ಅದರಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ!

ಊರಿನಿಂದ ತಂದ ಡಬ್ಬಿಗಳೂ ನಿರಪಾಯವಲ್ಲ. ಅಂಗಡಿಯಲ್ಲಿ ಸಿಗುವ ಇಂಗು ಹೆಚ್ಚಾಗಿ ಶುದ್ಧ ರಾಳವಲ್ಲ. ಅದಕ್ಕೆ ಬಹಳ ಸಲ ಮೈದಾ ಕೂಡಿಸಿರುತ್ತಾರೆ. ಅನ್ನ, ಬೇಳೆ, ಹುಣಿಸೆ ಎಲ್ಲ ಸರಿಯಿದ್ದ ಸಾರಿಗೆ ಒಗ್ಗರಣೆಯ ಚಿಟಿಕೆಯಲ್ಲಿ ಗ್ಲೂಟೆನ್ ಸೇರುವುದು ಹೀಗೆ. ಅಕ್ಕಿ ಹಿಟ್ಟು ಸೇರಿಸಿದ ಇಂಗೂ ಉಂಟು, ಹುಡುಕಿ ಕೊಳ್ಳಬೇಕು. ರಾಗಿ ಮಾಲ್ಟ್ ಬರೀ ರಾಗಿಯದಾದರೆ ತೊಂದರೆಯಿಲ್ಲ. ಆದರೆ ಪರದೇಶದ ಲೇಬಲ್ಲಿನಲ್ಲಿ ‘ಮಾಲ್ಟ್’ ಎಂದಷ್ಟೇ ಇದ್ದರೆ ಅದು ಬಾರ್ಲಿಯದೆಂದೇ ತಿಳಿಯಬೇಕು.

ಎಷ್ಟು ಗ್ಲೂಟೆನ್ ಹೆಚ್ಚು? 2007ರ ಇಟಲಿಯ ಅಧ್ಯಯನವೊಂದರಲ್ಲಿ ದಿನಕ್ಕೆ 50 ಮಿಲಿಗ್ರಾಂ ಗ್ಲೂಟೆನ್ ಮೂರು ತಿಂಗಳಲ್ಲಿ ಕರುಳಿಗೆ ಹಾನಿ ಮಾಡಿದ್ದು ಕಂಡಿತು. ಗೋಧಿ ಬ್ರೆಡ್ಡಿನ ಒಂದು ಹೋಳಿನಲ್ಲಿ ಸುಮಾರು 2 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲೂಟೆನ್ ಇರುತ್ತದೆ. ಅಂದರೆ ಹೋಳಿನ ನಲವತ್ತರಲ್ಲೊಂದು ಪಾಲೇ ದಿನವೂ ಸೇರಿದರೆ ಸಾಕು. ಐರೋಪ್ಯ ಒಕ್ಕೂಟ, ಅಮೆರಿಕ, ಭಾರತಗಳಲ್ಲಿ ‘ಗ್ಲೂಟೆನ್ ರಹಿತ’ ಎನ್ನಲು ಕಿಲೋಗ್ರಾಂಗೆ 20 ಮಿಲಿಗ್ರಾಂ ಮಿತಿ. ಅಂತಹ ಆಹಾರವನ್ನು ದಿನಕ್ಕೆ ಅರ್ಧ ಕಿಲೋ ತಿಂದರೂ ಹೊಟ್ಟೆ ಸೇರುವುದು ಹೆಚ್ಚೆಂದರೆ 10 ಮಿಲಿಗ್ರಾಂ. ಮಿತಿ ಒಂದೇ ಆದರೂ ಲೇಬಲ್ಲಿನ ಕಾನೂನು ಒಂದೇ ಅಲ್ಲ. ಐರೋಪ್ಯ ಒಕ್ಕೂಟದಲ್ಲಿ ಪದಾರ್ಥಗಳ ಪಟ್ಟಿಯಲ್ಲಿ ಗೋಧಿ, ಬಾರ್ಲಿ, ರೈ, ಓಟ್ಸ್ ಎಲ್ಲವನ್ನೂ ಎದ್ದು ಕಾಣುವಂತೆ ಮುದ್ರಿಸಬೇಕು. ಅಮೆರಿಕದ 2004ರ ಅಲರ್ಜಿ ಲೇಬಲ್ ಕಾನೂನು ಹೆಸರಿಸುವುದು ಗೋಧಿಯನ್ನು ಮಾತ್ರ. ಅಲ್ಲಿ ‘ಗೋಧಿ ಇಲ್ಲ’ ಎಂಬ ಪೊಟ್ಟಣದಲ್ಲಿ ಬಾರ್ಲಿ ಇರಬಹುದು.

‘ಕುದಿಸಿದರೆ ಹೋಗುವುದಿಲ್ಲವೇ?’ ಎಂದು ವಿದ್ಯಾರ್ಥಿಗಳು ಕೇಳಬಹುದು. ಗ್ಲೂಟೆನ್ ರೋಗಾಣುವಲ್ಲ, ಕುದಿಸಿದ ಮಾತ್ರಕ್ಕೆ ಸಾಯಲು. ಗೋಧಿ ಪಾಸ್ತಾ ಬೆಂದ ನೀರಿನಲ್ಲೇ ಅಕ್ಕಿಯ ಪಾಸ್ತಾ ಬೇಯಿಸಿದರೆ ಶ್ರಮವೆಲ್ಲ ವ್ಯರ್ಥ. ಒಂದೇ ಮನೆಯಲ್ಲಿ ಎರಡೂ ಅಡುಗೆ ನಡೆಯುವುದಾದರೆ ಜರಡಿ, ಮರದ ಸೌಟು, ಲಟ್ಟಣಿಗೆ, ಟೋಸ್ಟರ್ ಬೇರೆಯಾಗಿರಬೇಕು.

ಒಂದು ವಿಷಯದಲ್ಲಿ ಈ ಕುಟುಂಬ ಅದೃಷ್ಟವಂತ. ಇಟಲಿಯ 2005ರ ಕಾನೂನು ಸೀಲಿಯಾಕ್ ರೋಗಿಗಳಿಗೆ ಗ್ಲೂಟೆನ್ ರಹಿತ ಆಹಾರಕ್ಕಾಗಿ ರಾಷ್ಟ್ರೀಯ ಆರೋಗ್ಯ ಸೇವೆಯ ನೆರವು ಒದಗಿಸಿತು. ಶಾಲೆ, ಆಸ್ಪತ್ರೆಗಳ ಊಟದಲ್ಲೂ ಕೇಳಿದವರಿಗೆ ಅಂತಹ ಆಹಾರ ಕೊಡಬೇಕೆಂದು ವಿಧಿಸಿತು. ತಟ್ಟೆ ತುಂಬ ಗೋಧಿ ಇರುವ ದೇಶವೇ ಇದನ್ನು ಮಾಡಿದ್ದು ಸಹಜವೂ ಹೌದು.

ಇನ್ನು ಮಕ್ಕಳು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಒಬ್ಬರಿಗೆ ರೋಗವಿದ್ದರೆ ಉಳಿದವರಿಗೆ ಅದು ಇರುವ ಸಂಭವ ನೂರಕ್ಕೆ 5ರಿಂದ 10ರಷ್ಟು. ಹಾಗಾದರೆ ಕೂಸಿಗೆ ಗೋಧಿ ತಡವಾಗಿ ಕೊಟ್ಟರೆ ರಕ್ಷಣೆ ಸಿಕ್ಕೀತೇ? 2014ರಲ್ಲಿ ಪ್ರಕಟವಾದ ಯೂರೋಪಿನ ಎರಡು ದೊಡ್ಡ ಅಧ್ಯಯನಗಳು ಇಲ್ಲವೆಂದವು. ಬೇಗ ಕೊಟ್ಟದ್ದಾಗಲಿ ತಡಮಾಡಿದ್ದಾಗಲಿ ರೋಗವನ್ನು ತಡೆಯಲಿಲ್ಲ. ಈಗಿನ ಸಲಹೆಯಂತೆ 4ರಿಂದ 12 ತಿಂಗಳ ನಡುವೆ ಯಾವಾಗ ಬೇಕಾದರೂ ಆರಂಭಿಸಬಹುದು.

ದೊಡ್ಡ ಮಗುವಿನ ವಿಷಯದಲ್ಲಿ ಎಡವುವುದು ಸುಲಭ. ಮನೆಗೆಲ್ಲ ಒಂದೇ ಅಡುಗೆ ಸಾಕೆಂದು ಮಗುವಿಗೂ ಗೋಧಿ ನಿಲ್ಲಿಸಿ, ತಿಂಗಳುಗಳ ಮೇಲೆ ರಕ್ತ ಪರೀಕ್ಷಿಸಿದರೆ ಪ್ರತಿಕಾಯಗಳು ಇಳಿದುಹೋಗಿರುತ್ತವೆ. ರೋಗವಿದ್ದರೂ ವರದಿ ‘ಇಲ್ಲ’ ಎನ್ನುತ್ತದೆ. ಆದ್ದರಿಂದ ಪರೀಕ್ಷೆ ಮುಗಿಯುವ ತನಕ ಮಗು ಗೋಧಿ ತಿನ್ನುತ್ತಿರಬೇಕು. ಸಾಮಾನ್ಯವಾಗಿ ಅಳೆಯುವುದು ಐಜಿಎ ವರ್ಗದ ಪ್ರತಿಕಾಯವನ್ನು. ಕೆಲವರಿಗೆ ಹುಟ್ಟಿನಿಂದಲೇ ಐಜಿಎ ಕೊರತೆ ಇರುವುದರಿಂದ ಒಟ್ಟು ಐಜಿಎಯನ್ನೂ ಜೊತೆಗೇ ನೋಡುತ್ತಾರೆ. ಡಿಕ್ಯೂ2, ಡಿಕ್ಯೂ8 ಎರಡೂ ಇಲ್ಲವೆಂದು ಜೀನು ಪರೀಕ್ಷೆ ಹೇಳಿದರೆ ಆ ಮಗುವಿನ ಮಟ್ಟಿಗೆ ಚಿಂತೆ ಬಹುಪಾಲು ಮುಗಿದಂತೆ. ಇದ್ದರೆ, ಲಕ್ಷಣ ಕಾಣದಿದ್ದರೂ ಕೆಲವು ವರ್ಷಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುತ್ತಿರಬೇಕು. 1ರಿಂದ 17 ವರ್ಷದ ಮಕ್ಕಳಲ್ಲಿ ಸೀಲಿಯಾಕ್ ಮತ್ತು ಒಂದನೇ ವಿಧದ ಮಧುಮೇಹವನ್ನು ಮುಂಚಿತವಾಗಿ ಪತ್ತೆ ಮಾಡುವ ರಾಷ್ಟ್ರೀಯ ತಪಾಸಣೆಗೆ ಇಟಲಿ 2023ರಲ್ಲಿ ಕಾನೂನನ್ನೇ ಮಾಡಿತು.