ಚಲನಚಿತ್ರ ಕಲೆ: ಸತ್ಯಜಿತ್ ರೇ ಅವರ ಚಿಂತನೆ

ಸಿನಿಮಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ನಾಯಕ, ನಾಯಕಿ, ಹಾಡು, ಹೊಡೆದಾಟ. ಚಿತ್ರ ನೋಡಿ ಬಂದವರನ್ನು ‘ಹೇಗಿತ್ತು?’ ಎಂದು ಕೇಳಿದರೆ ಅವರು ಕಥೆ ಹೇಳತೊಡಗುತ್ತಾರೆ. ಆದರೆ ಕಥೆ ಕಾದಂಬರಿಯಲ್ಲೂ ಇದೆ, ನಾಟಕದಲ್ಲೂ ಇದೆ, ಅಜ್ಜಿಯ ಬಾಯಲ್ಲೂ ಇದೆ. ಹಾಗಾದರೆ ಸಿನಿಮಾ ಒಂದೇ ಮಾಡಬಲ್ಲ ಕೆಲಸ ಯಾವುದು? ಈ ಪ್ರಶ್ನೆಗೆ ಚಿತ್ರಗಳ ಮೂಲಕವೂ ಲೇಖನಗಳ ಮೂಲಕವೂ ಉತ್ತರ ಕೊಟ್ಟ ನಿರ್ದೇಶಕರು ಬಂಗಾಳದ ಸತ್ಯಜಿತ್ ರೇ (1921–1992).

ರೇ ಅವರು ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತು, 1943ರಲ್ಲಿ ಕಲ್ಕತ್ತೆಯ ಜಾಹೀರಾತು ಸಂಸ್ಥೆಯೊಂದರಲ್ಲಿ ಚಿತ್ರಕಾರರಾಗಿ ಸೇರಿದರು. 1947ರಲ್ಲಿ ಗೆಳೆಯರೊಡನೆ ಕಲ್ಕತ್ತಾ ಫಿಲ್ಮ್ ಸೊಸೈಟಿಯನ್ನು ಕಟ್ಟಿದರು. ಮರುವರ್ಷ ಅವರು ಬರೆದ ಒಂದು ಲೇಖನ ನಮ್ಮ ಚಿತ್ರಗಳ ಕೊರತೆಯನ್ನು ನೇರವಾಗಿ ಎತ್ತಿ ತೋರಿಸಿತು. ಹಾಲಿವುಡ್ಡಿನ ಥಳಕನ್ನು ಅನುಕರಿಸುವ ನಮ್ಮವರು ತಮ್ಮ ಸುತ್ತಲಿನ ಬದುಕನ್ನು ನೋಡುತ್ತಿಲ್ಲ. ಸಿನಿಮಾಕ್ಕೆ ಬೇಕಾದ ಸಾಮಗ್ರಿಯೆಲ್ಲ ಆ ಬದುಕಿನಲ್ಲೇ ಇದೆ ಎಂಬುದು ಅದರ ಸಾರ. 1976ರಲ್ಲಿ ಪ್ರಕಟವಾದ ‘ಅವರ್ ಫಿಲ್ಮ್ಸ್, ದೇರ್ ಫಿಲ್ಮ್ಸ್’ ಎಂಬ ಪುಸ್ತಕದಲ್ಲಿ ಈ ಲೇಖನವೂ ಸೇರಿದೆ.

ಹೇಳುವುದು ಸುಲಭ, ಮಾಡುವುದು ಕಷ್ಟ. 1950ರಲ್ಲಿ ಕಚೇರಿಯ ಕೆಲಸಕ್ಕಾಗಿ ಲಂಡನ್ನಿಗೆ ಹೋದಾಗ ರೇ ಅವರು ಇಟಲಿಯ ವಿಟ್ಟೋರಿಯೊ ಡಿ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ನೋಡಿದರು. ಸೈಕಲ್ ಕಳೆದುಕೊಂಡ ಬಡ ಕೆಲಸಗಾರನ ಕಥೆಯದು. ನಟಿಸಿದವರು ವೃತ್ತಿನಟರಲ್ಲ, ಚಿತ್ರೀಕರಣ ನಡೆದದ್ದು ರೋಮ್ ನಗರದ ಬೀದಿಗಳಲ್ಲಿ. ಇದೇ ದಾರಿಯಲ್ಲಿ ವಿಭೂತಿಭೂಷಣ ಬಂದ್ಯೋಪಾಧ್ಯಾಯರ ‘ಪಥೇರ್ ಪಾಂಚಾಲಿ’ ಕಾದಂಬರಿಯನ್ನು ಚಿತ್ರವಾಗಿಸಬೇಕೆಂದು ಅವರು ನಿಶ್ಚಯಿಸಿದರು.

1952ರ ಅಕ್ಟೋಬರಿನಲ್ಲಿ ಕೆಲಸ ಆರಂಭವಾಯಿತು. ಛಾಯಾಗ್ರಾಹಕ ಸುಬ್ರತ ಮಿತ್ರರು ಅದುವರೆಗೆ ಸಿನಿಮಾ ಕ್ಯಾಮೆರಾ ನಡೆಸಿದವರೇ ಅಲ್ಲ. ಮೊದಲ ದೃಶ್ಯವನ್ನು ತೆಗೆದದ್ದು ಬಿಳಿಯ ಹೂ ಬಿಟ್ಟ ಎತ್ತರದ ಕಾಶಹುಲ್ಲಿನ ಬಯಲಿನಲ್ಲಿ. ವಾರ ಕಳೆದು ಹೋಗಿ ನೋಡಿದರೆ ಹೂವೆಲ್ಲ ದನಗಳ ಹೊಟ್ಟೆ ಸೇರಿತ್ತು! ಮತ್ತೆ ಹೂ ಬಿಡುವ ಕಾಲ ಬರುವವರೆಗೆ ಆ ದೃಶ್ಯ ಕಾಯಬೇಕಾಯಿತು. ನಡುವೆ ಹಣವೂ ಮುಗಿಯಿತು. ರೇ ಅವರು ತಮ್ಮ ಸಂಗೀತದ ತಟ್ಟೆಗಳನ್ನು ಮಾರಿದರು. ಹೆಂಡತಿಯ ಒಡವೆಗಳು ಅಡವಿಗೆ ಹೋದವು. ಕೊನೆಗೆ ಪಶ್ಚಿಮ ಬಂಗಾಳ ಸರಕಾರದ ನೆರವಿನಿಂದ ಚಿತ್ರ ಮುಗಿದು 1955ರಲ್ಲಿ ತೆರೆ ಕಂಡಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸಿನಿಮಾದ ಭಾಷೆ ಯಾವುದು? ನಮ್ಮ ಕಾಸರಗೋಡಿನ ಮಕ್ಕಳಿಗೆ ಇದನ್ನು ತಾಳಮದ್ದಳೆಯ ಹೋಲಿಕೆಯಿಂದ ತಿಳಿಸಬಹುದು. ಅಲ್ಲಿ ಅರ್ಥಧಾರಿಯು ವೇಷವಿಲ್ಲದೆ, ಕುಳಿತಲ್ಲಿಂದಲೇ ಕಾಡು, ಕಡಲು, ರಣರಂಗಗಳನ್ನು ಮಾತಿನಲ್ಲಿ ಕಟ್ಟಿ ನಿಲ್ಲಿಸುತ್ತಾನೆ. ಅಲ್ಲಿ ಮಾತೇ ಬಂಡವಾಳ. ಸಿನಿಮಾದ ಬಂಡವಾಳ ಬೇರೆ. ಸರಿಯಾಗಿ ಆರಿಸಿದ ಒಂದು ಸಣ್ಣ ವಸ್ತು, ಒಂದು ನೋಟ, ಒಂದು ಸದ್ದು ಹತ್ತು ಮಾತಿನ ಕೆಲಸ ಮಾಡಬೇಕು. ವಿವರಗಳ ಮೂಲಕ ಹೇಳುವುದೇ ಈ ಕಲೆಯ ಶಕ್ತಿ ಎಂದು ರೇ ಅವರು ನಂಬಿದ್ದರು.

ಒಂದು ಉದಾಹರಣೆ ನೋಡಿ. ‘ಪಥೇರ್ ಪಾಂಚಾಲಿ’ಯಲ್ಲಿ ಅಪು ಎಂಬ ಹುಡುಗನ ಅಕ್ಕ ದುರ್ಗಾ. ನೆರೆಮನೆಯವರು ಅವಳ ಮೇಲೆ ಸರ ಕದ್ದ ಆರೋಪ ಹೊರಿಸುತ್ತಾರೆ, ಅವಳು ಕದ್ದಿಲ್ಲವೆನ್ನುತ್ತಾಳೆ. ಮುಂದೆ ಮಳೆಯಲ್ಲಿ ನೆನೆದು ಜ್ವರ ಬಂದು ಅವಳು ತೀರಿಕೊಳ್ಳುತ್ತಾಳೆ. ಮನೆಯವರು ಊರು ಬಿಡುವ ಸಿದ್ಧತೆಯಲ್ಲಿರುವಾಗ ಆ ಸರ ಅಪುವಿನ ಕೈಗೆ ಸಿಗುತ್ತದೆ. ಅವನು ಯಾರಿಗೂ ಹೇಳದೆ ಅದನ್ನು ಕೆರೆಗೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಒಂದು ಕ್ಷಣ ಬಾಯಿ ತೆರೆದು, ಮೆಲ್ಲನೆ ಮುಚ್ಚಿಕೊಳ್ಳುತ್ತದೆ. ಅಷ್ಟೆ. ಅಕ್ಕನ ಗುಟ್ಟು ತಮ್ಮನ ಬಳಿ ಭದ್ರವಾಯಿತು ಎಂದು ಯಾರೂ ಹೇಳುವುದಿಲ್ಲ, ಪಾಚಿಯೇ ಹೇಳುತ್ತದೆ.

ಸದ್ದಿನ ವಿಷಯದಲ್ಲೂ ಹೀಗೆಯೇ. ದೂರದೂರಿಗೆ ದುಡಿಯಲು ಹೋಗಿದ್ದ ತಂದೆ ಹರಿಹರ ಮರಳಿ ಬಂದು ಮಗಳಿಗೆಂದು ತಂದ ಸೀರೆಯನ್ನು ತೋರಿಸುತ್ತಾನೆ. ಮಗಳು ಇಲ್ಲವೆಂಬುದು ಅವನಿಗೆ ಇನ್ನೂ ತಿಳಿಯದು. ತಾಯಿಯ ದುಃಖ ಕಟ್ಟೆಯೊಡೆಯುತ್ತದೆ. ಆದರೆ ನಮಗೆ ಅವಳ ಅಳು ಕೇಳಿಸುವುದಿಲ್ಲ. ಅದರ ಬದಲು ತಾರ್ ಶೆಹನಾಯಿ ಎಂಬ ತಂತಿವಾದ್ಯದ ತಾರಸ್ವರ ಕೇಳಿಸುತ್ತದೆ. ಅಳುವನ್ನು ಮರೆಮಾಡಿದ್ದರಿಂದಲೇ ಅದು ಹೆಚ್ಚು ನಾಟುತ್ತದೆ. ಯಾವುದನ್ನು ತೋರಿಸಬೇಕೆಂಬಷ್ಟೇ ಯಾವುದನ್ನು ಬಿಡಬೇಕೆಂಬುದೂ ನಿರ್ದೇಶಕನಿಗೆ ತಿಳಿದಿರಬೇಕು.

ನಟನೆಯನ್ನೂ ಅವರು ಇದೇ ಸೂಕ್ಷ್ಮದಿಂದ ನೋಡಿದರು. ಅಪುವಿನ ಪಾತ್ರದ ಬಾಲಕನು ಕಾಶಹುಲ್ಲಿನ ನಡುವೆ ಅಕ್ಕನನ್ನು ಹುಡುಕುತ್ತ ಹೋಗಬೇಕಿತ್ತು. ‘ಹುಡುಕುವಂತೆ ನಟಿಸು’ ಎಂದರೆ ಎಳೆಯ ಮಗುವಿಗೆ ಹೇಗೆ ಸಾಧ್ಯ? ರೇ ಅವರು ಅವನು ನಡೆಯುವ ಹಾದಿಯಲ್ಲಿ ಸಣ್ಣ ಸಣ್ಣ ಅಡ್ಡಿಗಳನ್ನಿಟ್ಟರು; ಹುಲ್ಲಿನ ಮರೆಯಲ್ಲಿ ಅಲ್ಲಲ್ಲಿ ಜನರನ್ನು ನಿಲ್ಲಿಸಿ ಅವನನ್ನು ಕರೆಯಲು ಹೇಳಿದರು. ಹುಡುಗ ತಡೆದು ನಿಂತ, ದಾಟಿದ, ಅತ್ತಿತ್ತ ತಿರುಗಿ ನೋಡಿದ. ತೆರೆಯ ಮೇಲೆ ಅದು ನಿಜವಾದ ಹುಡುಕಾಟವಾಯಿತು.

ಬೆಳಕೂ ನಿಜವಾಗಿರಬೇಕು. ಮುಂದಿನ ಚಿತ್ರ ‘ಅಪರಾಜಿತೊ’ (1956)ಕ್ಕಾಗಿ ಕಾಶಿಯ ಹಳೆಯ ಮನೆಯೊಂದರ ಒಳಾಂಗಣವನ್ನು ಸ್ಟುಡಿಯೋದಲ್ಲಿ ಕಟ್ಟಿದ್ದರು. ಅಂಥ ಅಂಗಳಕ್ಕೆ ಬೆಳಕು ಬರುವುದು ಮೇಲಿನ ಆಕಾಶದಿಂದ. ಅದು ಮೃದು, ಕಡು ನೆರಳು ಬೀಳದು. ಸ್ಟುಡಿಯೋದ ದೀಪಗಳು ನೇರವಾಗಿ ಬಿದ್ದರೆ ಮೋಸ ಬಯಲಾಗುತ್ತದೆ. ಸುಬ್ರತ ಮಿತ್ರರು ಮೇಲೆ ಬಿಳಿಯ ಬಟ್ಟೆ ಕಟ್ಟಿಸಿ, ದೀಪಗಳ ಬೆಳಕನ್ನು ಅದಕ್ಕೆ ಹಾಯಿಸಿದರು. ಬಟ್ಟೆಯಿಂದ ಮರಳಿ ಬಿದ್ದ ಬೆಳಕು ಹಗಲಿನ ಬೆಳಕಿನಂತೆಯೇ ಕಂಡಿತು. ಒಂದು ತುಂಡು ಬಟ್ಟೆ, ಒಂದು ಒಳ್ಳೆಯ ಯೋಚನೆ. ಇಷ್ಟರಿಂದ ಆಕಾಶವೇ ಸಿದ್ಧವಾಯಿತು!

ಇವೆಲ್ಲದರ ಬೇರು ಒಂದೇ. ಪಾಚಿ ಹೇಗೆ ಮುಚ್ಚಿಕೊಳ್ಳುತ್ತದೆ, ಮಗು ಹೇಗೆ ನಡೆಯುತ್ತದೆ, ಅಂಗಳಕ್ಕೆ ಬೆಳಕು ಹೇಗೆ ಇಳಿಯುತ್ತದೆ ಎಂಬುದನ್ನು ಮೊದಲು ಗಮನವಿಟ್ಟು ನೋಡಿದವರಿಗೆ ಮಾತ್ರ ಅದನ್ನು ತೆರೆಯ ಮೇಲೆ ತರಲು ಸಾಧ್ಯ. ಬಂಗಾಳದ ಒಂದು ಹಳ್ಳಿಯ, ಬಂಗಾಳಿ ಮಾತಿನ ಆ ಚಿತ್ರ 1956ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ಮಾನವೀಯ ದಾಖಲೆಯೆಂಬ ಗೌರವ ಪಡೆಯಿತು. ಅಲ್ಲಿನ ಬಹುಮಂದಿಗೆ ಬಂಗಾಳಿ ತಿಳಿಯದು. ಆದರೆ ಅಕ್ಕನನ್ನು ಕಳೆದುಕೊಂಡ ತಮ್ಮನ ದುಃಖ ಎಲ್ಲರಿಗೂ ತಿಳಿಯಿತು.

ಗಡಿನಾಡಿನ ನಮಗೆ ಇದರಲ್ಲೊಂದು ಪಾಠವಿದೆ. ಮನೆಯಲ್ಲಿ ತುಳುವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡುವ ನಮ್ಮ ಮಕ್ಕಳಿಗೆ ಒಮ್ಮೊಮ್ಮೆ ‘ನಮ್ಮದು ಸಣ್ಣ ಊರು, ನಮ್ಮ ಮಾತು ಯಾರಿಗೆ ಬೇಕು?’ ಎನಿಸುವುದುಂಟು. ಊರು ಸಣ್ಣದೆಂಬ ಕಾರಣಕ್ಕೆ ಕಲೆ ಸಣ್ಣದಾಗುವುದಿಲ್ಲ; ತನ್ನ ಊರನ್ನು ನೋಡದವನ ಕಲೆ ಮಾತ್ರ ಸಣ್ಣದಾಗುತ್ತದೆ.

ವಿದ್ಯಾರ್ಥಿಗಳೇ, ಇಂದು ಕ್ಯಾಮೆರಾ ಅನೇಕ ಮನೆಗಳ ಮೊಬೈಲಿನಲ್ಲೇ ಇದೆ. ಆದರೆ ನೋಡುವ ಕಣ್ಣನ್ನು ನಾವೇ ಬೆಳೆಸಿಕೊಳ್ಳಬೇಕು. ಮುಂದಿನ ಬಾರಿ ಒಳ್ಳೆಯ ಚಿತ್ರವೊಂದನ್ನು ನೋಡುವಾಗ ಒಂದೆರಡು ದೃಶ್ಯಗಳನ್ನು ಸದ್ದಿಲ್ಲದೆ ನೋಡಿರಿ. ಮಾತಿಲ್ಲದೆ ಎಷ್ಟು ತಿಳಿಯಿತೆಂದು ಬರೆದಿಡಿರಿ. ಹೆತ್ತವರು ಮಕ್ಕಳೊಡನೆ ಕುಳಿತು ‘ಕಥೆ ಏನು?’ ಎಂದು ಕೇಳುವುದರ ಜೊತೆಗೆ ‘ನೀನು ಏನನ್ನು ಕಂಡೆ?’ ಎಂದೂ ಕೇಳಲಿ. ಮಳೆ ಬರುವ ಮುನ್ನ ನಮ್ಮ ತೋಟದ ಕೆರೆಯ ನೀರು ಹೇಗಿರುತ್ತದೆಂದು ಬಲ್ಲ ಮಗುವಿಗೆ, ನಾಳೆ ಅದನ್ನು ಲೋಕಕ್ಕೆ ತೋರಿಸುವುದೂ ಅಸಾಧ್ಯವಲ್ಲ.