ಓದು ಮುಗಿಯುವ ಮುಂಚೆಯೇ ಪಿಆರ್ ಅರ್ಜಿ ಹಾಕಬಹುದಾ? ಫಾರ್ವರ್ಡ್ ಮಾಡುವ ಮುಂಚೆ ಇದನ್ನು ಓದಿ

"ಪರೀಕ್ಷೆ ಮುಗಿಯುವವರೆಗೆ ಕಾಯಬೇಡಿ. ಈಗಲೇ ಅರ್ಜಿ ಹಾಕಿ ಸೀನಿಯಾರಿಟಿ ಹಿಡಿದುಕೊಳ್ಳಿ. ಸರ್ಟಿಫಿಕೇಟ್ ಆಮೇಲೆ ಸೇರಿಸಿದರೆ ಸಾಕು." ಕೆನಡಾ, ಆಸ್ಟ್ರೇಲಿಯಾದ ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ ಬಗ್ಗೆ ಇಂಥ ಮೆಸೇಜುಗಳು ವಾಟ್ಸಾಪ್‌ನಲ್ಲಿ ಓಡಾಡುತ್ತಲೇ ಇರುತ್ತವೆ. ಇದರಲ್ಲಿ ನಿಜ ಎಷ್ಟು ಎಂದು ನೋಡೋಣ.

ಕೆಜಿಎಫ್‌ಗೆ ವಿದೇಶದ ಮಾತು ಹೊಸದಲ್ಲ. ಸ್ವಾತಂತ್ರ್ಯದ ನಂತರ ಇಲ್ಲಿನ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೋಗಿ ನೆಲೆಸಿದವು. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಸಾವಿರಾರು ಮನೆಗಳ ದುಡಿಮೆ ಬೆಂಗಳೂರಿನ ರೈಲಿಗೆ ಅಂಟಿಕೊಂಡಿತು. ಮಾರಿಕುಪ್ಪಂನಲ್ಲೋ ಬಂಗಾರಪೇಟೆಯಲ್ಲೋ ರೈಲು ಹತ್ತಿ, ಕೆಲಸಕ್ಕೆ ಹೋಗುವ ದಾರಿಯಲ್ಲೇ ನರ್ಸಿಂಗ್, ಸಿಎ ಪುಸ್ತಕ ತೆರೆಯುವವರಿಗೆ ಸಮಯವೂ ಕಡಿಮೆ, ದುಡ್ಡೂ ಕಡಿಮೆ. ಒಂದು ತಪ್ಪು ಹೆಜ್ಜೆ ಅವರಿಗೆ ದುಬಾರಿ.

ಮೊದಲು ಹಾಕಿದವರಿಗೆ ಮೊದಲು ಸಿಗುತ್ತದೆಯೇ?

ಇಲ್ಲ. 2015ರಲ್ಲಿ ಶುರುವಾದ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅರ್ಜಿಗಳು ನಿಲ್ಲುವುದು ಪಾಯಿಂಟ್ ಪ್ರಕಾರ, ತಾರೀಖಿನ ಪ್ರಕಾರ ಅಲ್ಲ. ಹೆಚ್ಚು ಪಾಯಿಂಟ್ ಇದ್ದವರಿಗೆ ಮೊದಲು ಆಹ್ವಾನ. ಇಬ್ಬರಿಗೂ ಸಮನಾದ ಪಾಯಿಂಟ್ ಇದ್ದರೆ ಮಾತ್ರ ತಾರೀಖು ನೋಡುತ್ತಾರೆ. ಅಲ್ಲಿ ಪ್ರೊಫೈಲ್ ಮಾಡಲು ಸರ್ಕಾರಕ್ಕೆ ಶುಲ್ಕವಿಲ್ಲ, ಅದರ ಅವಧಿ 12 ತಿಂಗಳು. ಆಸ್ಟ್ರೇಲಿಯಾದ ಪಾಯಿಂಟ್ ವೀಸಾಗಳಿಗೂ ಇದೇ ರೀತಿ, ಕನಿಷ್ಠ 65 ಪಾಯಿಂಟ್ ಬೇಕು.

ಸರ್ಟಿಫಿಕೇಟ್ ಆಮೇಲೆ ಕೊಟ್ಟರೆ ಆಗುತ್ತದೆಯೇ?

ಇಲ್ಲೇ ದೊಡ್ಡ ಅಪಾಯ ಇರುವುದು. ಓದುತ್ತಿರುವ ಕೋರ್ಸಿಗೆ ಪಾಯಿಂಟ್ ಇಲ್ಲ, ಮುಗಿಸಿದ ಕೋರ್ಸಿಗೆ ಮಾತ್ರ ಇದೆ. ಈಗಾಗಲೇ ಇರುವ ಪದವಿ, ಅನುಭವದಿಂದಲೇ ನೀವು ಅರ್ಹರಾಗಿದ್ದರೆ ಪ್ರೊಫೈಲ್ ಮಾಡಬಹುದು. ಆಹ್ವಾನ ಬರುವ ಮುಂಚೆ ಹೊಸ ಪರೀಕ್ಷೆ ಪಾಸಾದರೆ ಅದನ್ನೂ ಸೇರಿಸಬಹುದು. ಆದರೆ "ಹೇಗೂ ಪಾಸಾಗ್ತೀನಿ" ಎಂದು ಇಲ್ಲದ್ದನ್ನು ಇದೆ ಎಂದು ತುಂಬಿದರೆ ಅದು ಸುಳ್ಳು ಮಾಹಿತಿ. ಹಾಗೆ ಸಿಕ್ಕಿಬಿದ್ದವರಿಗೆ ಕೆನಡಾ 5 ವರ್ಷ ಬಾಗಿಲು ಮುಚ್ಚಬಹುದು, ಆಸ್ಟ್ರೇಲಿಯಾ 3 ವರ್ಷ. ಏಜೆಂಟ್ ತುಂಬಿದ್ದರೂ ಹೊಣೆ ಅರ್ಜಿದಾರರದ್ದೇ.

ಹಾಗಾದರೆ ಯಾವುದು ಮೊದಲು, ಯಾವುದು ಆಮೇಲೆ?

ಪ್ರತಿ ಕಾಗದಕ್ಕೂ ಒಂದು ಆಯಸ್ಸು ಇದೆ. ಕೆನಡಾಗೆ ಪದವಿ ಮೌಲ್ಯಮಾಪನದ ವರದಿ 5 ವರ್ಷ ನಡೆಯುತ್ತದೆ. ಇಂಗ್ಲಿಷ್ ಪರೀಕ್ಷೆಯ ಅಂಕ 2 ವರ್ಷ ಮಾತ್ರ. ಆಹ್ವಾನ ಬಂದ ಮೇಲೆ ಪೂರ್ತಿ ಅರ್ಜಿ ಸಲ್ಲಿಸಲು ಸಿಗುವುದು 60 ದಿನ. ಆದ್ದರಿಂದ:

• ಮುಗಿದ ಪದವಿಯ ಮೌಲ್ಯಮಾಪನ ಮೊದಲು ಮಾಡಿಸಿ.
• ಕೆಲಸ ಮಾಡಿದ ಕಡೆಯಿಂದ ಹುದ್ದೆ, ಕೆಲಸದ ವಿವರ, ವಾರದ ಗಂಟೆ, ಸಂಬಳ ಬರೆದ ಪತ್ರ ಈಗಲೇ ತೆಗೆದಿಡಿ. ಸಂಬಳ ನಗದಾಗಿ ಕೈಗೆ ಬರುತ್ತಿದ್ದರೆ ಬ್ಯಾಂಕ್ ಖಾತೆಗೆ ಹಾಕಲು ಕೇಳಿ. ಸಂಬಳವಿಲ್ಲದ ಇಂಟರ್ನ್‌ಶಿಪ್ ಕೆನಡಾದಲ್ಲಿ ಅನುಭವದ ಲೆಕ್ಕಕ್ಕೆ ಬರುವುದಿಲ್ಲ.
• ಮುಖ್ಯ ಪರೀಕ್ಷೆ ಮುಗಿಸಿ ಆಮೇಲೆ ಇಂಗ್ಲಿಷ್ ಪರೀಕ್ಷೆ ಬರೆಯಿರಿ. ಎರಡನ್ನೂ ಒಟ್ಟಿಗೆ ಎಳೆದುಕೊಂಡರೆ ಎರಡರಲ್ಲೂ ಅಂಕ ಇಳಿಯುವ ಭಯವಿದೆ.

ಹಾಗೆಂದು ವರ್ಷಗಟ್ಟಲೆ ಕಾಯುವಂತೆಯೂ ಇಲ್ಲ. ಕೆನಡಾದಲ್ಲಿ ವಯಸ್ಸಿನ ಪೂರ್ತಿ ಪಾಯಿಂಟ್ 20ರಿಂದ 29 ವರ್ಷದವರಿಗೆ, 30ರಿಂದ ಇಳಿಯುತ್ತಾ 45ಕ್ಕೆ ಸೊನ್ನೆ. ಆಸ್ಟ್ರೇಲಿಯಾದಲ್ಲಿ 25ರಿಂದ 32ರವರಿಗೆ ಗರಿಷ್ಠ 30 ಪಾಯಿಂಟ್. 24ರವರಿಗೆ ಒಂದು ವರ್ಷ ಕಾದರೆ ನಷ್ಟವಿಲ್ಲ, 29ರವರು ಕ್ಯಾಲೆಂಡರ್ ನೋಡಲೇಬೇಕು.

ಪಿಆರ್ ಸಿಕ್ಕರೆ ಅದೇ ಕೆಲಸ ಸಿಕ್ಕಂತೆಯೇ?

ಅಲ್ಲ. ಪಿಆರ್ ಬೇರೆ, ಲೈಸೆನ್ಸ್ ಬೇರೆ. ಕೆನಡಾದಲ್ಲಿ ನರ್ಸ್ ಆಗಲು ಪ್ರಾಂತ್ಯದ ನೋಂದಣಿ ಬೇಕು. ಅದಕ್ಕೆ ಹೆಚ್ಚಿನ ಪ್ರಾಂತ್ಯಗಳಲ್ಲಿ ಸಾಮಾನ್ಯವಾಗಿ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಬೇಕು. ಬ್ರಿಟನ್ನಿನ ದಾರಿ ಬೇರೆ: ಅಲ್ಲಿಗೆ ಮೊದಲು ಕೆಲಸ ಕೊಡುವ ಸಂಸ್ಥೆಯೇ ಪ್ರಾಯೋಜಕತ್ವ ಕೊಡಬೇಕು. ನರ್ಸ್‌ಗಳು ಕಂಪ್ಯೂಟರ್ ಪರೀಕ್ಷೆಯನ್ನು ಭಾರತದಲ್ಲೇ ಬರೆದು, ಪ್ರಾಯೋಗಿಕ ಪರೀಕ್ಷೆಯಾದ ಆಸ್ಕಿಯನ್ನು ಬ್ರಿಟನ್ನಿಗೆ ಹೋದ ಮೇಲೆ ಕೊಡುತ್ತಾರೆ. "ಪರೀಕ್ಷೆ ಬಾಕಿ ಇದ್ದರೂ ಹೋಗಬಹುದು" ಎಂಬ ಮಾತು ಇಂಥ ಕಡೆ ನಿಜ. ಅದನ್ನೇ ಎಲ್ಲ ದೇಶಕ್ಕೂ ಹಚ್ಚಿ ಹರಿಬಿಟ್ಟಾಗ ಸುಳ್ಳಾಗುತ್ತದೆ.

ದುಡ್ಡು ಕೊಡುವ ಮುಂಚೆ

ಕೆನಡಾ ಅರ್ಜಿಗೆ ಶುಲ್ಕ ಪಡೆದು ಪ್ರತಿನಿಧಿಸಲು ಅಲ್ಲಿನ ವಕೀಲರಿಗೆ ಅಥವಾ ಅಲ್ಲಿನ ವಲಸೆ ಸಲಹೆಗಾರರ ಕಾಲೇಜಿನ ಲೈಸೆನ್ಸ್ ಇದ್ದವರಿಗೆ ಮಾತ್ರ ಅವಕಾಶ. ಅವರ ಹೆಸರನ್ನು ಆ ಕಾಲೇಜಿನ ವೆಬ್‌ಸೈಟಿನಲ್ಲಿ ಹುಡುಕಬಹುದು. ವಿದೇಶದಲ್ಲಿ ಕೆಲಸ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿರಬೇಕು. ಕೇಂದ್ರ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ಅವರ ಪಟ್ಟಿ ಇದೆ. ಅವರು ಕೆಲಸ ಹುಡುಕುವವರಿಂದ ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. "ಗ್ಯಾರಂಟಿ ಪಿಆರ್" ಕೊಡುವ ಅಧಿಕಾರ ಯಾವ ಏಜೆಂಟಿಗೂ ಇಲ್ಲ. ಆನ್‌ಲೈನ್‌ನಲ್ಲಿ ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಹಳೆಯ ಮೆಸೇಜುಗಳ ಬಗ್ಗೆಯೂ ಎಚ್ಚರ. ಕೆನಡಾದಲ್ಲಿ ಕೈಯಲ್ಲಿ ಜಾಬ್ ಆಫರ್ ಇದ್ದರೆ 50 ಅಥವಾ 200 ಹೆಚ್ಚುವರಿ ಪಾಯಿಂಟ್ ಸಿಗುತ್ತಿತ್ತು. 2025ರ ಮಾರ್ಚ್ 25ರಿಂದ ಅದು ರದ್ದಾಗಿದೆ. ಆದರೂ ಆ ಪಾಯಿಂಟಿನ ಆಸೆ ತೋರಿಸುವ ಹಳೆಯ ಮೆಸೇಜು ನಿಮ್ಮ ಗ್ರೂಪಿಗೆ ನಾಳೆ ಮತ್ತೆ ಬರಬಹುದು. ತಾರೀಖು ನೋಡಿ, ಆ ದೇಶದ ಸರ್ಕಾರದ ವೆಬ್‌ಸೈಟ್ ನೋಡಿ, ಆಮೇಲೆ ಫಾರ್ವರ್ಡ್ ಒತ್ತಿ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಪರೀಕ್ಷೆಗೆ ಓದುತ್ತಿರುವವರಿದ್ದರೆ, ಮೊದಲು ಇದನ್ನು ಅವರಿಗೆ ಕಳಿಸಿ.